ಕ್ಷೌರಿಕನ ಹುಲ್ಲು

ಕುರ್ಚಿಯಿಂದ ಎದ್ದವರಿಗೆಲ್ಲ ಕ್ಷೌರಿಕ ಹೇಳುತ್ತಿದ್ದುದು ಒಂದೇ ಮಾತು: “ಈಗ ನೋಡಿ, ಮುಖಕ್ಕೆ ಕಳೆ ಬಂತು.” ಮುಖ ಎಂಥದ್ದೇ ಇರಲಿ, ಕುತ್ತಿಗೆಯ ಮೇಲಿನ ಕೂದಲು ಕೊಡವಿ, ತಲೆಯ ಹಿಂದೆ ಕನ್ನಡಿ ಹಿಡಿದು ಅವನು ಹಾಗೆ ಹೇಳಿದ ಮೇಲೆ ಗಿರಾಕಿ ಒಂದು ಸಲ ಗದ್ದ ಸವರಿಕೊಂಡು ನಂಬಿಬಿಡುತ್ತಿದ್ದ. ಹೀಗಾಗಿ ಅವನ ಮನೆಯ ಪಕ್ಕದ ಹುಲ್ಲಿನಲ್ಲಿ ಕಳೆ ಎದ್ದಾಗ ನಾದಿನಿ ಸುಮ್ಮನಿರಲಿಲ್ಲ. “ಭಾವ ಊರಿನವರ ಮುಖಕ್ಕೆಲ್ಲ ಕಳೆ ತಂದಿದ್ದು ಸಾಲದು ಅಂತ ಈಗ ಲಾನಿಗೂ ತಂದಿದ್ದಾರೆ” ಅಂದಳು. ಅಕ್ಕತಂಗಿಯರಿಬ್ಬರೂ ನಕ್ಕರು. ಕ್ಷೌರಿಕನೂ ನಕ್ಕ. ಆಗಿನ್ನೂ ಅದು ನಗುವ ವಿಷಯವಾಗಿತ್ತು.

ಲಾನ್ ಎನ್ನುವುದು ದೊಡ್ಡ ಮಾತು. ಮನೆಯ ಗೋಡೆಗೂ ಗೇಟಿಗೆ ಹೋಗುವ ಕಲ್ಲುಹಾಸಿಗೂ ನಡುವೆ ಒಂದು ಲಾರಿ ನಿಲ್ಲಿಸುವಷ್ಟು ಜಾಗ, ಅಷ್ಟೆ. ಆದರೆ ಅವನ ಹೆಂಡತಿಗೆ ಅದೇ ಬಯಲು. ಸಕ್ಕರೆ ಕಾಯಿಲೆ ಮೊದಲು ಅವಳ ಕಣ್ಣಿಗೆ ಕೈ ಹಾಕಿತ್ತು. ಹೊಲಿಗೆ ಮೆಷಿನ್ನಿನ ಸೂಜಿಗೆ ದಾರ ಪೋಣಿಸುವುದು ನಿಂತಿತು, ಆಮೇಲೆ ಬಟ್ಟೆಯ ಬಣ್ಣ ತಿಳಿಯದಾಯಿತು, ಕೊನೆಗೆ ಎದುರು ನಿಂತವರೂ ಬರೀ ನೆರಳಾದರು. ರಸ್ತೆಗಿಳಿಯಲು ತಂಗಿಯ ಕೈ ಬೇಕು, ಬಚ್ಚಲಿಗೆ ಹೋಗಲು ಗೋಡೆ ಬೇಕು. ಯಾರನ್ನೂ ಏನನ್ನೂ ಹಿಡಿಯದೆ ಅವಳು ನಡೆಯುತ್ತಿದ್ದುದು ಆ ಹುಲ್ಲಿನ ಮೇಲೆ ಮಾತ್ರ, ಅದೂ ಬರಿಗಾಲಿನಲ್ಲಿ. ತಣ್ಣಗೆ ತಾಕಿದರೆ ಹುಲ್ಲು, ಗಡುಸಾಗಿ ತಾಕಿದರೆ ಕಲ್ಲು. ಕಲ್ಲು ತಾಕಿದ ಕೂಡಲೇ ತಿರುಗಿಕೊಳ್ಳುವುದು. ಕಣ್ಣು ಮಾಡಬೇಕಾದ ಕೆಲಸವನ್ನು ಅಂಗಾಲು ಮಾಡುತ್ತಿತ್ತು. ಚಪ್ಪಲಿ ಹಾಕಿಕೊಂಡು ಓಡಾಡು ಎಂದು ಡಾಕ್ಟರು ಹೇಳಿದ್ದರು, ಗಂಡನೂ ಹೇಳಿ ಸಾಕಾಗಿದ್ದ. “ಚಪ್ಪಲಿ ಹಾಕ್ಕೊಂಡ್ರೆ ಪೂರ್ತಿ ಕುರುಡಿ ಆಗ್ತೀನಿ ರೀ” ಎಂದು ಅವಳು ಮಾತು ಮುಗಿಸಿದ್ದಳು.

ಚರಂಡಿ ಪೈಪು ರಿಪೇರಿಗೆಂದು ಅಗೆದ ಗುಂಡಿಯನ್ನು ಎಲ್ಲಿಂದಲೋ ತಂದ ಮಣ್ಣಿನಿಂದ ಮುಚ್ಚಿದ್ದರು. ನೆಗ್ಗಿಲು ಎಂಬ ಆ ಕಳೆ ಬಂದದ್ದು ಆ ಮಣ್ಣಿನ ಜೊತೆ. ನೋಡಲು ಸಾಧು ಗಿಡ. ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡುತ್ತದೆ, ಸಣ್ಣ ಸಣ್ಣ ಎಲೆ, ಪುಟ್ಟ ಹಳದಿ ಹೂವು. ಕಾಯಿ ಒಣಗಿ ಹೋಳಾದ ಮೇಲೆ ಅದರ ಗುಣ ಗೊತ್ತಾಗುವುದು. ಒಂದೊಂದು ಹೋಳಿಗೂ ಹೋರಿಯ ಕೊಂಬಿನಂಥ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ.

ಮೊದಲ ಮುಳ್ಳು ಹೊಕ್ಕ ದಿನ ಅವಳು “ಸ್ಸ್” ಎಂದು ನಿಂತಳು. “ಎಲ್ಲಿ?” ಎಂದು ಕೇಳಿ ಅವನು ಓಡಿಬಂದ. ಅವಳು ಕಾಲಿನಿಂದಲೇ ಜಾಗ ತೋರಿಸಿದಳು.

ಅವನಿಗೆ ಗೊತ್ತಿದ್ದ ಔಷಧ ಒಂದೇ. ಮಕ್ಕಳ ತಲೆ ಬೋಳಿಸುವಾಗ ತಾಯಂದಿರಿಗೆಲ್ಲ ಅವನು ಹೇಳಿಕೊಂಡು ಬಂದದ್ದು, ಬೋಳಿಸಿದಷ್ಟೂ ಕೂದಲು ದಟ್ಟವಾಗಿ ಬರುತ್ತದೆ ಎಂದು. ಹುಲ್ಲು ದಟ್ಟವಾದರೆ ಕಳೆಗೆ ಜಾಗವೆಲ್ಲಿ? ಹುಲ್ಲು ಕತ್ತರಿಸುವ ಮೆಷಿನ್ನು ಎರವಲು ತಂದು, ಬ್ಲೇಡನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ, ಇಡೀ ಜಾಗವನ್ನು ನುಣ್ಣಗೆ ಬೋಳಿಸಿದ. ವಾರಕ್ಕೊಮ್ಮೆ ಬೋಳಿಸಿದ. ಹುಲ್ಲು ಸೊರಗಿ, ನೆತ್ತಿ ಕಂಡ ಹಾಗೆ ಅಲ್ಲಲ್ಲಿ ಮಣ್ಣು ಕಂಡಿತು. ನೆಲಕ್ಕಂಟಿದ ನೆಗ್ಗಿಲಿಗೆ ಬ್ಲೇಡು ತಾಕಲೇ ಇಲ್ಲ. ಉದುರಿದ ಕಾಯಿಗಳನ್ನು ಮೆಷಿನ್ನಿನ ಗಾಲಿಗಳೇ ಹೊತ್ತು ಮೂಲೆ ಮೂಲೆಗೆ ಹಂಚಿದವು.

ನರ್ಸರಿಯವನು ಅವನ ಹಳೆಯ ಗಿರಾಕಿ. ಒಂದು ದಿನ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದಾಗ ಕ್ಷೌರಿಕ ವಿಷಯ ತೆಗೆದ. ಬೋಳಿಸಿದ ಕತೆ ಕೇಳಿ ನರ್ಸರಿಯವನು ಕುರ್ಚಿಯಲ್ಲೇ ತಿರುಗಲು ನೋಡಿದ. “ಅಣ್ಣಾ, ಅದು ತಲೆಯಲ್ಲ, ನೆಲ. ಬಿಸಿಲು ಬಿದ್ದಲ್ಲೆಲ್ಲ ಮೊಳೆಯುತ್ತೆ.” ಆಮೇಲೆ ನಿಧಾನವಾಗಿ ವಿವರಿಸಿದ. ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡವನ್ನಷ್ಟೇ ಸಾಯಿಸುವ ಔಷಧ ಇದೆ, ಆದರೆ ಉದುರಿದ ಬೀಜಕ್ಕೆ ಅದು ಏನೂ ಮಾಡದು, ಮಳೆ ಬಿದ್ದರೆ ಮತ್ತೆ ಹುಟ್ಟುತ್ತದೆ, ಮತ್ತೆ ಹೊಡೆಯಬೇಕು. ಬರಿಗಾಲಲ್ಲಿ ನಡೆಯುವವರಿರುವ ಕಡೆ ತಾನಾದರೆ ಹೊಡೆಯುವುದಿಲ್ಲ. ಮಣ್ಣು ಒದ್ದೆಯಿದ್ದಾಗ, ಹೂ ಬಿಡುವ ಮೊದಲೇ, ಬೇರುಸಮೇತ ಕೈಯಲ್ಲಿ ಕೀಳುವುದೇ ದಾರಿ. ಬಿದ್ದ ಮುಳ್ಳಿಗೆ ಹಳೆಯ ಕಂಬಳಿ ಹಾಸಿ ತುಳಿದು ಎತ್ತಿದರೆ ಅಂಟಿಕೊಂಡು ಬರುತ್ತವೆ. ಹುಲ್ಲನ್ನು ಎತ್ತರ ಬಿಡಬೇಕು, ನೆರಳಲ್ಲಿ ಬೀಜ ಏಳುವುದಿಲ್ಲ. ಪೂರ್ತಿ ಹೋಗುತ್ತದಾ ಎಂದದ್ದಕ್ಕೆ ಅವನು ಕನ್ನಡಿಯಲ್ಲೇ ಕ್ಷೌರಿಕನನ್ನು ನೋಡಿದ. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ, ಅದಕ್ಕೇನು ಅವಸರ ಅಂದ.

ಕ್ಷೌರಿಕ ಔಷಧ ಬಿಟ್ಟು ಕೈಯನ್ನು ಆರಿಸಿಕೊಂಡ. ಅಂಗಡಿ ತೆಗೆಯುವ ಮೊದಲು ನೀರು ಹಾಯಿಸಿ, ಮಂಡಿಯೂರಿ, ಒಂದೊಂದೇ ಗಿಡದ ನಡು ಹಿಡಿದು ಕಿತ್ತ. ಕಂಬಳಿ ಹಾಸಿ ತುಳಿದು, ಮಡಿಲಲ್ಲಿಟ್ಟುಕೊಂಡು, ಹೇನು ಹೆಕ್ಕಿದ ಹಾಗೆ ಮುಳ್ಳು ಹೆಕ್ಕಿ ಡಬ್ಬಿಗೆ ಹಾಕಿದ. ತಲೆಗೂದಲು ಕಿವಿ ಮುಟ್ಟಿದರೆ ಸಹಿಸದ ಮನುಷ್ಯ ಹುಲ್ಲನ್ನು ಹಿಮ್ಮಡಿ ಮುಚ್ಚುವಷ್ಟು ಬೆಳೆಯಲು ಬಿಟ್ಟ. ಸಂಜೆ ಅವಳು ನಡೆಯುವಾಗ ಅಡುಗೆಮನೆಯಲ್ಲಿ ನಿಂತು ಕಿವಿಗೊಡುತ್ತಿದ್ದ. ಅವಳ “ಸ್ಸ್” ಅವನ ಲೆಕ್ಕ. ಅದು ಕಡಿಮೆಯಾಯಿತು. ಅಪರೂಪವಾಯಿತು. ಆಮೇಲೆ ನಿಂತೇಹೋಯಿತು.

ಹುಲ್ಲು ಹೇಗಿದೆ ಎಂದು ಕೇಳಿದರೆ, “ತಣ್ಣಗಿದೆ” ಅನ್ನುತ್ತಿದ್ದಳು. ಅಂಗಡಿಯಲ್ಲಿ ಅವನ ಮಾತು ಜೋರಾಯಿತು. ಲಾನ್ ಇಲ್ಲದ ಗಿರಾಕಿಗಳೂ ನೆಗ್ಗಿಲು ಕೀಳುವ ಕ್ರಮವನ್ನು ಕೇಳಿಸಿಕೊಳ್ಳಬೇಕಾಯಿತು. ಕತ್ತಿ ಕುತ್ತಿಗೆಯ ಮೇಲಿರುವಾಗ ಬೇಡ ಎನ್ನುವವರು ಯಾರು?

ಅಂಗಡಿಗೆ ರಜೆಯಿದ್ದ ದಿನ ಸಂಜೆ ಅವನು ಕಿಟಕಿಯಿಂದ ನೋಡುತ್ತಿದ್ದ. ಹೆಂಡತಿ ಹುಲ್ಲಿನ ಅಂಚಿಗೆ ಬಂದಳು. ತಿರುಗಲಿಲ್ಲ. ಕಲ್ಲುಹಾಸಿನ ಮೇಲೆ ಕಾಲಿಟ್ಟಳು, ಅದೇ ನಿಧಾನದಲ್ಲಿ, ಹುಲ್ಲಿನ ಮೇಲೆ ನಡೆಯುವ ಹಾಗೇ ಹಿತವಾಗಿ ನಡೆಯುತ್ತ ಗೇಟಿನವರೆಗೂ ಹೋದಳು. ಕಬ್ಬಿಣ ಮೊಣಕಾಲಿಗೆ ತಾಗಿದಾಗಲೇ ನಿಂತದ್ದು. ನಿಂತು, ಎರಡೂ ಕೈಗಳಿಂದ ಗೇಟನ್ನು ಮುಟ್ಟಿ ಮುಟ್ಟಿ ನೋಡಿದಳು.

ಅವನು ಅವಳನ್ನು ಕರೆತಂದು ಮೆಟ್ಟಿಲ ಮೇಲೆ ಕೂರಿಸಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದ. ಅಂಗಾಲಿನಲ್ಲಿ ಮೂರು ನೆಗ್ಗಿಲು. ಎರಡು ಹೊಸವು. ಕಿರುಬೆರಳ ಬುಡದ್ದು ಹಳೆಯದು; ಸುತ್ತ ಕಪ್ಪಾಗಿ ಒಳಗೆ ಕೀವು ಕಟ್ಟಿತ್ತು. ಚಿಮಟ ತಂದು ಒಂದೊಂದನ್ನೇ ಎಳೆದ. ಅವಳು ರಸ್ತೆಯ ಕಡೆ ಮುಖ ಮಾಡಿ ಕುಳಿತೇ ಇದ್ದಳು.

“ಇನ್ನೂ ಎಷ್ಟು ಹೊತ್ತು ತೊಳೀತೀರಿ?” ಎಂದು ಕೇಳಿದಳು.

“ದಿನಾ ತಣ್ಣಗಿದೆ, ತಣ್ಣಗಿದೆ ಅಂತಿದ್ದೆಯಲ್ಲ” ಅಂದ.

ಅವಳಿಗೆ ಅರ್ಥವಾಯಿತು. ಕಾಲನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದಳು: “ನೀವು ಮಂಡಿ ಊರಿ ಕೀಳ್ತಿದ್ರಿ. ಕಾಲಿಗೆ ಏನೂ ಗೊತ್ತಾಗ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಗಾಯ ಮಾಯಲಿಲ್ಲ. ಡಾಕ್ಟರು ಕಿರುಬೆರಳನ್ನು ತೆಗೆದರು; ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಇನ್ನು ಕಾಲು ಬರಿದಾಗಿ ನೆಲ ಮುಟ್ಟಬಾರದು ಎಂದರು. ದಪ್ಪ ಅಟ್ಟೆಯ ಚಪ್ಪಲಿ ಬಂತು. ತಂಗಿ ಬಂದಾಗ ಅವಳ ಕೈ ಹಿಡಿದು ಗೇಟಿನವರೆಗೆ ಹೋಗಿಬರುತ್ತಾಳೆ, ಕಲ್ಲುಹಾಸಿನ ಮೇಲೆ. ನಾದಿನಿ ಈಗ ಭಾವನನ್ನು ಗೇಲಿ ಮಾಡುವುದಿಲ್ಲ.

ಹುಲ್ಲು ಮಾತ್ರ ಎಂದೂ ಇಲ್ಲದಷ್ಟು ಚೆನ್ನಾಗಿದೆ. ಒತ್ತಾಗಿ, ಒಂದೇ ಸಮ ಎತ್ತರಕ್ಕೆ ನಿಂತಿದೆ. ನರ್ಸರಿಯವನು ತನ್ನ ಗಿರಾಕಿಗಳನ್ನು ಕರೆತಂದು ತೋರಿಸುತ್ತಾನೆ, ಕಳೆ ತೆಗೆದರೆ ಹೀಗೆ ತೆಗೆಯಬೇಕು ಎಂದು. ಕ್ಷೌರಿಕ ಇಂದಿಗೂ ಬೆಳಗ್ಗೆ ಮಂಡಿಯೂರುತ್ತಾನೆ. ಕಿತ್ತಾದ ಮೇಲೆ ಹೆಂಡತಿ ನಡೆಯುತ್ತಿದ್ದ ಜಾಗದಲ್ಲಿ ತಾನೇ ಬರಿಗಾಲಲ್ಲಿ ಒಂದು ಸುತ್ತು ಹಾಕುತ್ತಾನೆ.

ಮೊನ್ನೆ ಗೋಡೆಯ ಹತ್ತಿರ ಒಂದು ಹೊಕ್ಕಿತು. “ಸ್ಸ್” ಅಂದ. ಒಳಗೆ ಹಾಸಿಗೆಯ ಮೇಲಿದ್ದವಳಿಗೆ ಅದು ಕೇಳಿಸಿತು.

“ಚಪ್ಪಲಿ ಹಾಕ್ಕೊಂಡು ಓಡಾಡಿ ರೀ” ಅಂದಳು.