ಅಳು ನಿಲ್ಲಿಸುವ ಮಾಸ್ತರರು

ಸಿದ್ದಾಪುರದಲ್ಲಿ ಓಬಳೆಪ್ಪ ಎಂಬ ಹೆಸರಿನವರು ಇಬ್ಬರಿದ್ದಾರೆಂಬುದು ಕಳಕಪ್ಪ ಮಾಸ್ತರರಿಗೆ ಗೊತ್ತಿರಲಿಲ್ಲ. ಒಬ್ಬ ಓಬಳೆಪ್ಪನ ತಾಯಿ ತೀರಿಕೊಂಡಿದ್ದಳು. ಇನ್ನೊಬ್ಬ ಓಬಳೆಪ್ಪನ ಮಗಳ ನಿಶ್ಚಯವಿತ್ತು. ಎರಡೂ ಮನೆಗಳ ಮುಂದೆ ಒಬ್ಬನೇ ಬಾಡಿಗೆಯವನ ಶಾಮಿಯಾನ, ಅವೇ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿಗಳ ಮೇಲೆ ಅದೇ ಬಗೆಯ ಬಿಗಿದ ಮುಖದ ಗಂಡಸರು. ಬಸ್ಸಿಳಿದು ದಾರಿ ಕೇಳಿದರೆ ಪಾನ್ ಅಂಗಡಿಯವನು, "ಅಲ್ನೋಡ್ರಿ ಸರ, ಶಾಮಿಯಾನ ಹಾಕ್ಯಾರಲ್ಲ, ಅದ" ಎಂದ. ಹೀಗೆ ಸಾವಿನ ಮನೆಗೆಂದು ಹೊರಟ ಮಾಸ್ತರರು ಸಾವಿರದ ಮನೆಯನ್ನು ಹೊಕ್ಕರು.

ಅವರನ್ನು ಕರೆಸಿದ್ದು ಒಬ್ಬ ಹಳೆಯ ವಿದ್ಯಾರ್ಥಿ. "ನಮ್ಮ ಮಾವ ಓಬಳೆಪ್ಪ, ತಾಯಿ ಹೋದಾಗಿಂದ ಅಳೂದು ನಿಲ್ಸವಲ್ಲ ಸರ. ನೀವೊಮ್ಮೆ ಬಂದು ಬಿಡಿಸಿ ಹೇಳ್ರಿ" ಎಂದು ಫೋನಿನಲ್ಲಿ ಬೇಡಿಕೊಂಡಿದ್ದ. ಮಾಸ್ತರರು ಬಂದವರೇ, ಶಾಮಿಯಾನದಡಿ ಯಜಮಾನನಂತೆ ಕಂಡವನ ಪಕ್ಕ ಕೂತು ಅವನ ಕೈ ಹಿಡಿದುಕೊಂಡರು.

"ನಮ್ಮದಲ್ಲದ್ದನ್ನ ನಮ್ಮದು ಅನ್ಕೊಂಡಿರ್ತೀವಿ ಓಬಳೆಪ್ಪಾರ. ಒಂದಿನ ಹೋಗೂ ಜೀವ ಹೋಗಬೇಕಲ್ಲ? ನಿಮ್ಮ ದುಃಖ ಆಕಿ ಸಲುವಾಗೋ, ನಿಮ್ಮ ಸಲುವಾಗೋ? ಬಿಡಿಸಿ ನೋಡ್ರಿ. ಆಕಿ ಅಲ್ಲಿ ಆರಾಮ ಇರ್ತಾಳ."

ಓಬಳೆಪ್ಪನ ಕಣ್ಣು ತುಂಬಿದವು. "ಖರೇ ಐತ್ರಿ ಸರ. ಅಲ್ಲಿ ಪೂರಾ ನೀರಾವರಿ ಐತಿ. ಎರಡು ಬೆಳಿ ತಗೀತಾರ. ಆಕಿಗೇನು ಕಡಿಮಿ ಇಲ್ಲ."

ಕಾಲುವೆ ನೀರು ಪರಲೋಕಕ್ಕೂ ಹರಿದಿದೆಯೆಂಬುದು ಮಾಸ್ತರರಿಗೆ ಹೊಸ ಸಂಗತಿ. ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಕೈಗೊಂದು ತಟ್ಟೆ ಬಂತು. ತಟ್ಟೆಯಲ್ಲಿ ಶಿರಾ ಇತ್ತು. ಸಾವಿನ ಮನೆಯಲ್ಲಿ ಶಿರಾ ಕೊಡುವುದಿಲ್ಲ, ಇಲ್ಲಿ ಶಿರಾ ಕೊಟ್ಟಿದ್ದಾರೆ, ಆದ್ದರಿಂದ? ಜೀವಮಾನವಿಡೀ ಕಲಿಸಿದ ತರ್ಕ ಅವರ ಕಿವಿಯನ್ನು ಕೆಂಪಗೆ ಮಾಡಿತು. ಅಷ್ಟರಲ್ಲಿ ಬೀಗರ ಕಡೆಯ ಮುದುಕನೊಬ್ಬ, "ಸರ ಯಾರ ಪೈಕಿ? ಭಾಳ ಛಲೋ ಮಾತಾಡಿದ್ರಿ, ಲಗ್ನದಾಗ ಮೈಕ್ ನಿಮ್ಮ ಕೈಗೇ ಕೊಡ್ತೀವಿ" ಎಂದ. ಮಾಸ್ತರರು ಶಿರಾ ನುಂಗಿ, ಬಸ್ ಸ್ಟ್ಯಾಂಡಿನ ಕಡೆ ನಡೆಯಲಿಲ್ಲ, ಓಡಿದರು.

ಅಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಕುಷ್ಟಗಿಯಿಂದ ಫೋನು ಬಂತು. ಮಗಳ ಭಾವ, ಗವಿಸಿದ್ದಪ್ಪ. "ಬೀಗರ, ರುದ್ರೇಶ ಹೋಗಿಬಿಟ್ಟ. ಅಂಗಡ್ಯಾಗ ಕುಂತಾಂವ ಕುಂತಂಗ. ಜಲ್ದಿ ಬರ್ರಿ."

ರುದ್ರೇಶ ಅವರ ಅಳಿಯ. ಇನ್ನೂ ನಲವತ್ತು ದಾಟಿರಲಿಲ್ಲ. ಮಾಸ್ತರರ ಬಾಯಲ್ಲಿ ಪರರ ಮನೆಯ ಶಿರಾದ ಸಿಹಿ ಹಾಗೇ ಇತ್ತು.

ಕಳಕಪ್ಪನವರು ಗಂಗಾವತಿಯ ಪಿಯು ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ಬೇರೆ ವಿಷಯಕ್ಕೆ ಸೀಟು ಸಿಗದ ಹುಡುಗರು ಬಂದು ಬೀಳುವ ಜಾಗ ಅದು. ತರ್ಕದ ತರಗತಿಗೆ ಹುಡುಗರಿಟ್ಟ ಹೆಸರು ತರಕಾರಿ ಸೆಕ್ಷನ್. ಮಾಸ್ತರರು ಹಲಗೆಯ ಮೇಲೆ ನಿಗಮನ ಎಂದು ಬರೆದು ತಿರುಗುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಅರ್ಧ ಕ್ಲಾಸು ನಿರ್ಗಮನವಾಗಿರುತ್ತಿತ್ತು. ಅವರಿಗೆ ಕೂತು ಕೇಳುವ ಜನ ಸಿಕ್ಕಿದ್ದು ಸಾವಿನ ಮನೆಗಳಲ್ಲಿ. ಅಲ್ಲಿ ಯಾರೂ ಎದ್ದು ಹೋಗುವಂತಿರಲಿಲ್ಲ.

ಈ ಕಡೆ ಸಾವಾದ ಮನೆಗೆ ಹೋಗಿ ಬರುವುದನ್ನು ಮಾತಾಡಿಸಲು ಹೋಗುವುದು ಎನ್ನುತ್ತಾರೆ. ಹೋದವರು ಮಾತಾಡುವುದು ಅಷ್ಟಕ್ಕಷ್ಟೆ. ಹೆಂಗಸರು ಹೊಸ್ತಿಲಲ್ಲೇ ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ. ಗಂಡಸರು ಭತ್ತದ ಧಾರಣೆ ವಿಚಾರಿಸಿ ಎದ್ದು ಬರುತ್ತಾರೆ. ಮಾಸ್ತರರು ಮಾತ್ರ ನಿಜಕ್ಕೂ ಮಾತಾಡುತ್ತಿದ್ದರು. ಪ್ರತಿಯೊಂದು ಭಾವನೆಯ ಹೊಟ್ಟೆಯೊಳಗೆ ಒಂದು ಅಭಿಪ್ರಾಯ ಅಡಗಿ ಕೂತಿರುತ್ತದೆ, ಅದನ್ನು ಹೊರಗೆಳೆದು ಬೆಳಕಿಗೆ ಹಿಡಿದರೆ ಭಾವನೆ ತಾನಾಗಿ ಚಪ್ಪಟೆಯಾಗುತ್ತದೆ ಎಂಬುದು ಅವರ ಸಿದ್ಧಾಂತ. ಗೋಳಾಡುವ ಹೆಂಗಸಿನ ಮುಂದೆ ಕೂತು, "ನಿಮಗ ಆಗಿರೂ ನಷ್ಟ ಯಾವುದು? ಒಂದ ವಾಕ್ಯದಾಗ ಹೇಳ್ರಿ" ಎನ್ನುತ್ತಿದ್ದರು. ಆಕೆ ಕಕ್ಕಾಬಿಕ್ಕಿಯಾಗಿ ವಾಕ್ಯ ಹುಡುಕುತ್ತ ಅಳು ಮರೆಯುತ್ತಿದ್ದಳು. "ನೋಡ್ರಿ, ಸರ ಬಂದ್ರು, ಅಳು ನಿಂತ್ವು" ಎಂದು ಜನ ಹೊಗಳುತ್ತಿದ್ದರು. ಯೋಚನೆಗೂ ಗಾಬರಿಗೂ ಮುಖಚರ್ಯೆ ಒಂದೇ ಎಂಬುದನ್ನು ಯಾರೂ ಗಮನಿಸಲಿಲ್ಲ.

ಈ ವಿದ್ಯೆಯ ಮೊದಲ ಪ್ರಯೋಗ ನಡೆದದ್ದು ಮನೆಯಲ್ಲೇ, ಒಬ್ಬಳೇ ಮಗಳು ದಾನೇಶ್ವರಿಯ ಮೇಲೆ. ಬಿದ್ದು ಅಳುತ್ತ ಬಂದರೆ, "ಕಾರಣ?"

"ಮೊಣಕಾಲು ಒಡೀತಪ್ಪಾ."

"ಅತ್ತರ ಕೂಡ್ತೈತೇನು?"

"ಇಲ್ಲ."

"ಮತ್ತ?"

ಹುಡುಗಿ ಕಣ್ಣೊರೆಸಿಕೊಳ್ಳುತ್ತಿತ್ತು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅಳು ಬಿಟ್ಟಿತು. ತಾಯಿ ಅನ್ನಮ್ಮ ಅಡುಗೆಮನೆಯಿಂದಲೇ, "ಹುಡುಗೀನ ಕಲ್ಲು ಮಾಡಬ್ಯಾಡ್ರಿ" ಎಂದರೆ, "ಕಲ್ಲಲ್ಲ, ಕನ್ನಡಿ ಮಾಡಾಕತ್ತೀನಿ. ಎಲ್ಲಾ ಚೊಕ್ಕ ಕಾಣಬೇಕು" ಎನ್ನುತ್ತಿದ್ದರು. ದಾನೇಶ್ವರಿ ಮುಂದೆ ತಂದೆಯ ಕ್ಲಾಸಿನಲ್ಲೇ ಕೂತಳು. ಒಂದು ದಿನವೂ ಹಿಂದಿನ ಬಾಗಿಲಿನಿಂದ ಹೋಗದೆ ಉಳಿದವಳು ಅವಳೊಬ್ಬಳು.

ಅವಳನ್ನು ಕುಷ್ಟಗಿಯಲ್ಲಿ ಪಂಪು, ಪೈಪುಗಳ ಅಂಗಡಿ ಇಟ್ಟ ರುದ್ರೇಶನಿಗೆ ಕೊಟ್ಟರು. ಮುಂದೆ ಅಂಗಡಿ, ಹಿಂದೆ ಮನೆ. ಒಂದು ಸಲ ಅಂಗಡಿಯಲ್ಲಿ ಹಿತ್ತಾಳೆಯ ವಾಲ್ವುಗಳು ಕಡಿಮೆ ಬಂದವು. ರುದ್ರೇಶ ಅಣ್ಣತಮ್ಮಂದಿರ ಎದುರು, ಗಿರಾಕಿಗಳ ಎದುರು ಹಮಾಲ ಗಾಳೇಶನ ಕೊರಳಪಟ್ಟಿ ಹಿಡಿದ. "ಈ ಮಗ ಬಂದ ದಿನಾನ ಮಾಲು ಕಡಿಮಿ ಬರತೈತಿ. ಅಂದ್ರ ಇವನ ಕಳ್ಳ."

ಚಹಾ ತಂದಿದ್ದ ದಾನೇಶ್ವರಿ ಮೆಲ್ಲಗೆ, "ಆ ದಿನ ನೀವೂ ಬಂದಿರ್ತೀರಲ್ರೀ" ಎಂದಳು.

ಗಿರಾಕಿಗಳು ನಕ್ಕರು. ಅಣ್ಣತಮ್ಮಂದಿರು ಅದಕ್ಕಿಂತ ಜೋರಾಗಿ ನಕ್ಕರು. ಕಳಿಸಿದವರೇ ಕಡಿಮೆ ಕಳಿಸಿದ್ದರೆಂದು ಆಮೇಲೆ ತಿಳಿಯಿತು; ಅದರಿಂದ ಅವಳ ಅಪರಾಧ ಇನ್ನಷ್ಟು ದೊಡ್ಡದಾಯಿತು. ಅಂದಿನಿಂದ ರುದ್ರೇಶ ಹೆಂಡತಿಯ ಜೊತೆ ಮಾತು ಬಿಟ್ಟ. ಹೊಡೆಯಲಿಲ್ಲ, ಬೈಯಲಿಲ್ಲ, ಕುಡಿಯಲಿಲ್ಲ. ಮಾತು ಬಿಟ್ಟ, ಅಷ್ಟೆ.

ಎರಡು ವರ್ಷ ತಡೆದು ದಾನೇಶ್ವರಿ ಒಂದು ಬ್ಯಾಗು ಹಿಡಿದು ಗಂಗಾವತಿಗೆ ಬಂದಳು. "ಅಪ್ಪಾ, ನಾ ಇಲ್ಲೇ ಇರ್ತೀನಿ. ಆ ಮನ್ಯಾಗ ನನ್ನ ಹೆಸರು ಕರದು ಎರಡು ವರ್ಷ ಆತು."

ಮಾಸ್ತರರು ಕಟ್ಟೆಯ ಮೇಲೆ ಕೂರಿಸಿಕೊಂಡು ಸಮಸ್ಯೆಯನ್ನು ಬಿಡಿಸಿದರು. "ಹೊಡದಾನೇನು? ಇಲ್ಲ. ಬೈದಾನೇನು? ಇಲ್ಲ. ಹಂಗಾರ ಏನು ಮಾಡ್ಯಾನ? ಏನೂ ಮಾಡಿಲ್ಲ. ಏನೂ ಮಾಡದೆ ಇರೂದು ಒಂದು ಕೆಲಸ ಅಲ್ಲ ದಾನವ್ವಾ. ಕೆಲಸಾನ ಅಲ್ಲ ಅಂದಮ್ಯಾಲೆ ಅದರಿಂದ ಗಾಯ ಹೆಂಗಾಗತೈತಿ? ಗಾಯ ನಿನ್ನ ಅಭಿಪ್ರಾಯದಾಗ ಐತಿ."

ದಾನೇಶ್ವರಿ ಅದರಲ್ಲಿ ತಪ್ಪು ಹುಡುಕಿ, ಸಿಗದೆ, ಸಂಜೆಯ ಬಸ್ಸಿಗೆ ತಿರುಗಿ ಹೋದಳು. "ನೋಡಿದಿ? ತಿಳಿಸಿ ಹೇಳಿದ್ರ ತಿಳೀತೈತಿ" ಎಂದರು ಮಾಸ್ತರರು. ಅನ್ನಮ್ಮ ಅಂದು ರೊಟ್ಟಿ ಬಡಿದ ಸದ್ದು ಪಕ್ಕದ ಮನೆಗೂ ಕೇಳಿಸಿತು.

ಅದಾಗಿ ಎರಡು ವರ್ಷಕ್ಕೆ ಈಗ ರುದ್ರೇಶ ಹೋಗಿದ್ದ. ಮಣ್ಣಿನ ದಿನ ಮಾಸ್ತರರೂ ಅನ್ನಮ್ಮನೂ ಹೋಗಿ ಬಂದರು. ದಾನೇಶ್ವರಿ ಗೋಡೆಗೆ ಒರಗಿ ಕೂತಿದ್ದಳು. ಅಳಲಿಲ್ಲ. ಯಾರ ಜೊತೆಗೂ ಮಾತಾಡಲಿಲ್ಲ. ಓಣಿಯ ಹೆಂಗಸರು ಕೊರಳಿಗೆ ಬಿದ್ದು ಹಾಡಿ ಅತ್ತರೂ ಅವಳು ಅಲುಗಲಿಲ್ಲ. ಗಂಡನ ಮನೆಯವರು ಕೊಪ್ಪಳಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದರು. ಬಿಪಿ ಸರಿಯಿದೆ ಎಂದು ಕಳಿಸಿದರು. ಊರು ಸುಮ್ಮನಿರಲಿಲ್ಲ. ಗಂಡ ಸತ್ತರೂ ಕಣ್ಣು ಒದ್ದೆಯಾಗದವಳ ಬಗ್ಗೆ ಊರಿಗೆ ಏನೇನು ತೋಚಬಹುದೋ ಅದೆಲ್ಲ ತೋಚಿತು.

ರುದ್ರೇಶನ ತಿಥಿಯ ಶಿವಗಣಾರಾಧನೆಯ ದಿನ ಮಾಸ್ತರರು ಅನ್ನಮ್ಮನನ್ನು ಕರೆದುಕೊಂಡು ಕನಕಗಿರಿ ದಾರಿಯ ಕುಷ್ಟಗಿ ಬಸ್ಸು ಹತ್ತಿದರು. ಬಸ್ಸಿನಲ್ಲಿ ಅನ್ನಮ್ಮ ಒಂದೇ ಮಾತು ಹೇಳಿದಳು. "ನೀವು ನಿಲ್ಲಿಸಿದ್ದು. ನೀವ ಶುರು ಮಾಡ್ರಿ. ಮಾಡಿ, ಮಗಳನ್ನ ನನ್ನ ಮನಿಗೆ ಕರಕೊಂಡು ಬರ್ರಿ."

ಗವಿಸಿದ್ದಪ್ಪ ಬಾಗಿಲಲ್ಲೇ ಕಾಯುತ್ತಿದ್ದ. "ಬೀಗರ, ನಿಮ್ಮ ಕಾಲಿಗೆ ಬೀಳ್ತೀನಿ, ಆಕೀನ ಒಂದೀಟು ಅಳಸ್ರಿ. ಮಂದಿ ಬಾಯಿ ಕಟ್ಟಾಕ ಆಗವಲ್ದು. ನೀವು ಕಲ್ಲಿಗೂ ತಿಳಿಸಿ ಹೇಳಾವ್ರು."

ಒಳಕೋಣೆಯಿಂದ ಹೆಂಗಸರನ್ನು ಹೊರಗೆ ಕಳಿಸಿದರು. ಮಾಸ್ತರರು ಮಗಳ ಎದುರು ಕೂತರು. ಅಳು ನಿಲ್ಲಿಸಲು ಅವರ ಬಳಿ ಬೇಕಾದಷ್ಟು ಸಾಮಗ್ರಿ ಇತ್ತು. ತರಿಸಲು ಏನೂ ಇರಲಿಲ್ಲ. ಗೊತ್ತಿದ್ದ ದಾರಿಯನ್ನೇ ಹಿಡಿದರು.

"ದಾನವ್ವಾ, ಜೋಡಿ ಬಾಳಿದವರು ಹೋದ್ರ ಮನಶ್ಯಾಗ ದುಃಖ ಆಗತೈತಿ. ರುದ್ರೇಶ ಹೋಗ್ಯಾನ. ಆದ್ದರಿಂದ..."

ದಾನೇಶ್ವರಿ ತಲೆಯೆತ್ತಿದಳು. "ಮೊದಲನೇ ವಾಕ್ಯ ನನಗ ಹತ್ತಂಗಿಲ್ಲಪ್ಪಾ. ಒಂದ ಮನ್ಯಾಗ ಇದ್ವಿ. ಜೋಡಿ ಬಾಳಲಿಲ್ಲ."

ಅಷ್ಟು ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಧ್ವನಿ ಒಣಗಿತ್ತು, ಉತ್ತರ ಸರಿಯಾಗಿತ್ತು. ಮಾಸ್ತರರ ಕೈ ಹಾಳು ರೂಢಿಯಿಂದ ಅಂಕ ಕೊಡಲು ಎದ್ದು, ನಾಚಿ, ಕೆಳಗಿಳಿಯಿತು.

"ನಾ ನಿನ್ನ ದಾರೀನ ಕಾಯಾಕತ್ತಿದ್ದೆ" ಎಂದಳು. "ಮಣ್ಣಿನ ದಿನ ಕೇಳಬೇಕಂದ್ರ ನೀ ಗಂಡಸರ ನಡುವ ಕುಂತು ಮಾತಾಡಾಕತ್ತಿದ್ದಿ. ಒಂದು ಕೇಳ್ತೀನಿ, ತಪ್ಪು ಎಲ್ಲೈತಿ ಹೇಳು."

"ಕೇಳವಾ."

"ಅತ್ತಿ ಇರೂತನ ಅತ್ತಿ ಕೈಲಿ ಹೇಳಿ ಕಳಸ್ತಿದ್ದ. ಅತ್ತಿ ಹೋದ ಮ್ಯಾಲೆ ಮಿಸ್‌ಕಾಲ್ ಕೊಡ್ತಿದ್ದ. ಅಂಗಡಿಯಿಂದ ಅಡಗಿಮನಿಗೆ. ಒಂದು ಕೊಟ್ರ ಚಾ, ಎರಡು ಕೊಟ್ರ ಊಟ. ಅವತ್ತ ಒಂದು ಬಂತು. ನಾ ಚಾ ಇಟ್ಟೆ. ಕುದಿಯೂತನ ನಿಂತೆ. ಸೋಸಿದೆ. ತಗೊಂಡು ಹೋದ್ರ ಕೌಂಟರ್ ಹಿಂದ ಬಿದ್ದಿದ್ದ. ಫೋನ್ ಕೈಯಾಗಿತ್ತು. ಸ್ವಲ್ಪ ಮೊದಲ ನೋಡಿದ್ರ ಉಳೀತಿದ್ದ ಅಂದ್ರು ಡಾಕ್ಟ್ರು." ಅವಳು ಒಂದೊಂದಾಗಿ ಬೆರಳು ಮಡಚಿದಳು. "ಒಂದು ಮಿಸ್‌ಕಾಲ್ ಬಂದ್ರ ಚಾ. ಒಂದು ಮಿಸ್‌ಕಾಲ್ ಬಂತು. ಆದ್ದರಿಂದ ಚಾ. ಹಗಲೂ ರಾತ್ರಿ ಕುಂತು ನೋಡೀನಪ್ಪಾ. ತಪ್ಪು ಸಿಗವಲ್ದು. ತಪ್ಪಿಲ್ಲಂದ್ರ ಅಳೂದು ಯಾತಕ್ಕ? ತಪ್ಪೈತಿ ಅಂದ್ರ ಆ ಮನಶ್ಯಾನ ಕೊಂದಾಕಿ ನಾನ. ಯಾವುದು ಅಂತ ಹೇಳು. ಆಮ್ಯಾಲೆ ಅಳ್ತೀನೋ ಬಿಡ್ತೀನೋ ನೋಡೂಣು."

ಮಾಸ್ತರರಿಗೆ ತಪ್ಪು ಎಲ್ಲಿದೆಯೆಂದು ಗೊತ್ತಾಯಿತು. ಅದು ಅವಳ ಮೂರು ವಾಕ್ಯಗಳಲ್ಲಿ ಇರಲಿಲ್ಲ. ಕೂಗಿ ಕರೆಯಬೇಕಾದ ಗಳಿಗೆಯಲ್ಲೂ ಒಬ್ಬ ಗಂಡಸಿಗೆ ಹೆಂಡತಿಯ ಹೆಸರು ಬಾಯಿಗೆ ಬರದಷ್ಟು ಆ ಮೌನ ಬೆಳೆದಿತ್ತು. ಆ ಮೌನವನ್ನು ಏನೂ ಅಲ್ಲ ಎಂದು ಗಂಗಾವತಿಯ ಕಟ್ಟೆಯ ಮೇಲೆ ಕೂತು ಸಾಧಿಸಿ, ಮಗಳನ್ನು ಬಸ್ಸು ಹತ್ತಿಸಿದವರು ಯಾರೆಂಬುದೂ ಗೊತ್ತಿತ್ತು. ತಪ್ಪು ನನ್ನದು ಎಂದು ಹೇಳಿದರೆ ಮುಗಿಯುತ್ತಿತ್ತು. ಅವರು ಬಾಯಿ ತೆರೆದರು. ಹೊರಗೆ ಬಂದದ್ದು:

"ವಾಕ್ಯ ಸರಿ ಅದಾವ."

"ಹೌದಲ್ಲ?" ಎಂದಳು ದಾನೇಶ್ವರಿ. "ನನಗೂ ಹಂಗ ಅನ್ನಿಸ್ತು."

ಅವಳ ಮುಖದಲ್ಲಿ ಇಷ್ಟು ಹೊತ್ತು ಏನೋ ಒಂದು ಎದ್ದು ನಿಂತು ಕಾಯುತ್ತಿತ್ತು. ಅದು ಮತ್ತೆ ಕೂತುಬಿಟ್ಟಿತು.

"ನಿಮ್ಮವ್ವ ಹೊರಗ ಕುಂತಾಳ" ಎಂದರು ಮಾಸ್ತರರು. "ಮನಿಗೆ ಬಾರವಾ."

"ಬರಂಗಿಲ್ಲಪ್ಪಾ. ಅಂಗಡಿ ತಗೀಬೇಕು, ಗಾಳೇಶ ಎರಡು ಸಲ ಬಂದು ಕೇಳಿ ಹೋಗ್ಯಾನ. ಅಲ್ಲಿ ಬಂದು ಸುಮ್ಮನ ಕುಂತ್ರ ನೀ ಕಾರಣ ಕೇಳ್ತಿ. ಇಲ್ಲಿ ಯಾರೂ ಕೇಳಂಗಿಲ್ಲ. ನಾಕು ವರ್ಷ ಯಾರೂ ಕೇಳಿಲ್ಲ." ಎದ್ದು ಸೆರಗು ಸರಿಪಡಿಸಿಕೊಂಡಳು. "ಹೊರಗ ಮಂದಿ ಉಣ್ಣಾಕ ಕುಂದರ್ತಾರ. ನೀನೂ ಕುಂದ್ರು ನಡಿ."

ಅವಳು ಅಡುಗೆಯ ಕಡೆ ಹೋದಳು. ಮಾಸ್ತರರು ಹೊರಗೆ ಬಂದರು. ಚಾಪೆಯ ಮೇಲೆ ಕೂತ ಗಂಡಸರೆಲ್ಲ ತಿರುಗಿದರು. ಹೆಂಗಸರು ಪಿಸುಮಾತು ನಿಲ್ಲಿಸಿದರು. ಅನ್ನಮ್ಮ ಕಂಬ ಹಿಡಿದು ಎದ್ದು ನಿಂತಳು. ಕೋಣೆಯೊಳಗಿಂದ ಅಳುವಿನ ಸದ್ದು ಬರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ದೊಡ್ಡ ಮಾತೊಂದು ಬಂದೇ ಬರುತ್ತದೆಂದು ಎಲ್ಲರೂ ಕಿವಿ ತೆರೆದಿದ್ದರು.

ಗವಿಸಿದ್ದಪ್ಪ ಕೈಮುಗಿದ. "ಬೀಗರ, ನೀವು ಊರ ಮಂದಿ ದುಃಖಾನೆಲ್ಲ ಬಿಡಿಸಿ ಇಟ್ಟಾವ್ರು. ಆ ಹುಡುಗಿ ಹೊಟ್ಟ್ಯಾಗ ಏನೈತಿ? ನಮಗೂ ಒಂದೀಟು ತಿಳಿಯೂ ಹಂಗ ಹೇಳ್ರಿ."

ಮಾಸ್ತರರು ಚಪ್ಪಲಿ ಹುಡುಕುತ್ತ, "ನನಗ ಗೊತ್ತಿಲ್ರಿ" ಎಂದರು. "ನಾ ಪರೀಕ್ಷಾಕ್ಕ ಬರೂದಷ್ಟ ಕಲಿಸಿದಾಂವ."