ಎರಡನೆಯ ಹೆಬ್ಬೆಟ್ಟು

ಶಹಾಪುರದ ಕಾಲುವೆ ಉಪವಿಭಾಗದಲ್ಲಿ ನಾನು ದಿನಗೂಲಿ ಕಾರಕೂನನಾಗಿದ್ದೆ. ಹೂಳು ಎತ್ತುವ ಆಳುಗಳ ಹಾಜರಿ ಹಿಡಿಯುವುದು ನನ್ನ ಘನಕಾರ್ಯ. ಪ್ರತಿ ಸೋಮವಾರ ಅವರು ಹಾಜರಿ ಪುಸ್ತಕದಲ್ಲೊಂದು, ಪಕ್ಕದ ಬಿಳಿ ಹಾಳೆಯಲ್ಲೊಂದು ಹೆಬ್ಬೆಟ್ಟು ಒತ್ತುತ್ತಿದ್ದರು. ಸರಕಾರಕ್ಕೆ ಒಂದೇ ಬೆರಳಿನ ಮೇಲೆ ಭರವಸೆ ಇಲ್ಲವೆಂದು ಅವರ ನಂಬಿಕೆ. ನನಗೆ ನಿಜ ಗೊತ್ತಿತ್ತು. ಆದರೆ ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಕಾರಕೂನರ ಶಾಸ್ತ್ರದಲ್ಲಿಲ್ಲ.

ಒಂದು ಸೋಮವಾರ ದೇವಾಪುರದ ಹೆಣ್ಣುಮಗಳೊಬ್ಬಳು ಕೇಳಿಯೇಬಿಟ್ಟಳು.

“ಎರಡನೇದು ಯಾತಕ್ಕರಿ ಕಾರಕೂನ್ರ?”

“ಕೂಲಿಕಾರರ ಸಂಘದ್ದವ್ವ. ನೀ ಮೆಂಬರ ಇದ್ದಿ.”

“ನಾನಾ? ಯಾವಾಗಿಂದ?”

“ಮೂರು ವರ್ಷಾತು.”

“ಅಧ್ಯಕ್ಷ ಯಾರಪಾ ನಮಗ?”

“ಈ ಕೆಲಸ ಹಿಡದ ಗುತ್ತೇದಾರ್ರ ಅಳಿಯ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳು ಎರಡನೆಯದನ್ನು ಒತ್ತದೆಯೇ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು.

“ಲಗ್ನ ಮಾಡುವಾಗ ನಮ್ಮಪ್ಪನೂ ನನ್ನ ಕೇಳಿದ್ದಿಲ್ಲ. ಆ ಒಂದು ಸಲ ಸಾಕು.”

ಮರುದಿನ ಹಾಜರಿ ಪುಸ್ತಕದಿಂದ ಅವಳ ಹೆಸರು ತೆಗೆಯಲು ಆಜ್ಞೆ ಬಂತು. ಹೆಸರಿನ ಮೇಲೆ ಗೀಟು ಎಳೆದವನು ನಾನೇ. ಸಂಘಕ್ಕೆ ದೂರು ಕೊಡೋಣವೆಂದರೆ, ಅವಳ ಮೇಲೆ ದೂರು ಕೊಟ್ಟದ್ದೇ ಸಂಘ.

ಆ ಗೀಟು ನನಗೆ ಊಟ ಸೇರಗೊಡಲಿಲ್ಲ. ಸುರಪುರದ ವಕೀಲರೊಬ್ಬರನ್ನು ಕೇಳಿದೆ. ಏಳು ಮಂದಿ ಸಹಿ ಹಾಕಿದರೆ ಬೇರೆ ಸಂಘ ನೋಂದಾಯಿಸಬಹುದೆಂದರು.

“ಆದ್ರ ಇಂಜಿನಿಯರ್ ಸಾಹೇಬ್ರು ನಿಮ್ಮ ಕೂಡ ಮಾತಾಡಬೇಕಂತ ಕಾನೂನಿಲ್ಲ ನೋಡ್ರಿ.”

ಸಂಘಕ್ಕೆ ಬಾಯಿ ಕೊಟ್ಟ ಕಾನೂನು, ಸಾಹೇಬರಿಗೆ ಕಿವಿ ಕೊಡಲು ಮರೆತಿತ್ತು. ಆದರೂ ಆರು ಮಂದಿ ಸಿಕ್ಕರು. ಏಳನೆಯವನಾಗಿ, ನನ್ನ ನೌಕರಿಗೆ ಮನಸ್ಸಿನಲ್ಲೇ ಕೈಮುಗಿದು, ನಾನು ಸಹಿ ಹಾಕಿದೆ.

ಮುಂದಿನ ಸೋಮವಾರ, ಸಾಹೇಬರು ಹೊಸ ಸಂಘದೊಡನೆ ಮಾತಾಡಲಿ ಎಂದು, ಆಳುಗಳೆಲ್ಲ ಸಲಿಕೆ ಕೆಳಗಿಟ್ಟು ಕಾಲುವೆ ದಂಡೆಯ ಮೇಲೆ ಕೂತರು; ದೇವಾಪುರದವಳೂ ಬಂದು ಕೂತಳು. ಇಂಜಿನಿಯರ್ ಸಾಹೇಬರ ಜೀಪು ಬಂತು.

“ನಾ ಒಂದ ಸಂಘದ ಕೂಡ ಮಾತಾಡಾಂವ. ಹೊಸಾದು ಬೇಕಂದವರು ಕೈ ಎತ್ರಿ.”

ಯಾರ ಕೈ ಏಳುತ್ತದೆಂದು ಗುತ್ತೇದಾರರ ಅಳಿಯ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಒಂದೂ ಏಳಲಿಲ್ಲ.

“ಡಬ್ಬಿ ಇಡ್ರಿ ಸಾಹೇಬ್ರ, ಚೀಟಿ ಹಾಕ್ತೀವಿ” ಎಂದಳು ಅವಳು. “ಎಲೆಕ್ಷನ್‌ದಾಗ ಇಡ್ತೀರಲ್ಲ.”

“ಇದಕ್ಕ ಕಾನೂನಿನ್ಯಾಗ ಡಬ್ಬಿ ಇಲ್ಲವ್ವ.”

“ಇಲ್ಲಂದ್ರ ತರಸ್ರಿ. ಅಲ್ಲೀತನಕ ನನ್ನ ಹೆಸರು ಬರೀರಿ. ಗುರುವಾರ ನೀರು ಬರ್ತದ, ಹೂಳು ಹಂಗ ಅದ.”

ಸಾಹೇಬರು ಹೂಳು ನೋಡಿದರು, ಅಳಿಯನನ್ನು ನೋಡಿದರು. ಎರಡರಲ್ಲಿ ಹೂಳೇ ತುರ್ತಿನದೆಂದು ಕಂಡಿರಬೇಕು.

“ಬರಿಯೋ” ಎಂದರು ನನಗೆ. ಅವಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ಅವಳು ಸಲಿಕೆ ಹಿಡಿದು ಕೆಳಗಿಳಿದಳು. ಹಿಂದೆಯೇ ಎಲ್ಲರೂ ಇಳಿದರು.

ನಮ್ಮ ಸಂಘದೊಡನೆ ಸಾಹೇಬರು ಕೊನೆಗೂ ಮಾತಾಡಲಿಲ್ಲ. ಕಾರ್ಮಿಕರು ಗುಪ್ತವಾಗಿ ಚೀಟಿ ಹಾಕಿ ತಮ್ಮ ಸಂಘ ಆರಿಸಬೇಕು, ಆರಿಸಿದ ಸಂಘದ ಮಾತನ್ನು ಮಾಲೀಕರು ಕೇಳಲೇಬೇಕು, ಹೀಗೆ ಕಾನೂನು ತಿದ್ದಿರಿ ಎಂದು ಸರಕಾರಕ್ಕೆ ಅರ್ಜಿ ಬರೆದು, ಯಾದಗಿರಿ ಸ್ಟೇಷನ್ನಿನ ಟಪಾಲು ಡಬ್ಬಿಗೆ ನಾನೇ ಹಾಕಿಬಂದೆ. ಉತ್ತರ ಬರಲಿಲ್ಲ, ಮತ್ತೆ ಬರೆದೆ. ಈಗಲೂ ಬರೆಯುತ್ತೇನೆ. ನನ್ನ ಅಕ್ಷರ ಮೊದಲಿಗಿಂತ ಬಹಳ ಸುಧಾರಿಸಿದೆ.