ಬೀಜಕ್ಕೆ ಬಿಟ್ಟ ಸೋರೆಕಾಯಿ

ನಮ್ಮ ಚಿಕ್ಕಮ್ಮನ ಹತ್ತಿರ ಒಂದು ಸೋರೆಕಾಯಿ ಕೇಳಿದರೆ ಎರಡು ಕೊಡುತ್ತಿದ್ದಳು. ಬೀಜ ಕೇಳಿದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದಳು. ಆ ವಿಷಯದಲ್ಲಿ ಅವಳಷ್ಟು ಜುಗ್ಗಿಯನ್ನು ನಾನು ಕಂಡಿಲ್ಲ. ನಾನು ಅವಳ ಅಕ್ಕನ ಮಗಳು. ಅವಳ ಹೊಲಿಗೆ ಅಂಗಡಿಯಲ್ಲಿ ಕಾಜ, ಗುಂಡಿ ಎಲ್ಲ ನನ್ನ ಪಾಲು. ಅವಳ ಬೈಗುಳದಲ್ಲೂ ದೊಡ್ಡ ಪಾಲು ನನ್ನದೇ.

ಅಂಗಡಿಯ ಹಿಂದೆ ಹಿತ್ತಲು. ಹಿತ್ತಲು ಅಂದರೆ ಏನು ಮಹಾ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಅಲ್ಲಿಂದ ಬಳ್ಳಿ ಎದ್ದು ಅಂಗಡಿ ಮಾಲೀಕರ ಗೋಡೆ ಹತ್ತುತ್ತಿತ್ತು. ಚಿಕ್ಕಮ್ಮ ಎಲ್ಲಕ್ಕಿಂತ ಚೆಂದದ ಕಾಯಿ ಆರಿಸಿ ಅದರ ತೊಟ್ಟಿಗೆ ಒಂದು ಬಿಳಿ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದಳು. ಕಟ್ಟಿದ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬಲಿತು, ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೂ ಅದು ಬಳ್ಳಿಯಲ್ಲೇ ಇರಬೇಕು.

“ಅಲ್ಲ ಕಣೇ, ಒಳ್ಳೇ ಕಾಯಿನ ಒಣಗಿಸ್ತೀಯಲ್ಲ, ಸೊಟ್ಟಗಿರೋದನ್ನ ಬಿಡಬಾರದಾ?” ಎಂದು ಪಕ್ಕದ ಮನೆಯಾಕೆ ಕೇಳಿದ್ದಳು.

“ಬಿಡಬಹುದು. ಆಮೇಲೆ ವರ್ಷವಿಡೀ ಸೊಟ್ಟನೇ ತಿನ್ನಬೇಕು, ಅಷ್ಟೇ.”

ಒಮ್ಮೆ ಚಿಕ್ಕಮ್ಮ ಬೀಜದ ಅಂಗಡಿಯಿಂದ ಪ್ಯಾಕೆಟ್ ಬೀಜ ತಂದಿದ್ದಳು. ಕಾಯಿ ಸೊಗಸಾಗಿಯೇ ಬಂತು. ಅದರ ಬೀಜ ತೆಗೆದು ಬಿತ್ತಿದರೆ ಒಂದು ಬಳ್ಳಿಯದು ಕುಳ್ಳ, ಇನ್ನೊಂದರದು ಪೀಚು. ಹೊಸ ಪ್ಯಾಕೆಟ್ಟೇ ತಗೋಬೇಕಮ್ಮ ಎಂದ ಅಂಗಡಿಯವನು. “ವರ್ಷ ವರ್ಷ ನಿನ್ನ ಬಾಗಿಲು ಕಾಯೋಕೆ ನನಗೇನು ಬೇರೆ ಕೆಲಸ ಇಲ್ವಾ?” ಎಂದು ಹೇಳಿ ಬಂದವಳು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.

ಇನ್ನೊಂದು ವರ್ಷ ಅವಳ ಸ್ವಂತ ಬೀಜದ ಡಬ್ಬಿಗೆ ಸೂರಿನ ನೀರು ಇಳಿದು ಎಲ್ಲಕ್ಕೂ ಬೂಷ್ಟು ಹಿಡಿಯಿತು. ಬಿತ್ತಿದ್ದರಲ್ಲಿ ಮೊಳೆತದ್ದು ಒಂದೇ ಒಂದು. ಆ ಬಳ್ಳಿಯಿಂದ ಬೀಜ ಸಿಕ್ಕರೆ ಉಂಟು, ಇಲ್ಲದಿದ್ದರೆ ಅವಳ ಸೋರೆ ಅಲ್ಲಿಗೆ ಮುಗಿಯಿತು.

ಅಂಥ ವರ್ಷವೇ ಕೈಗೆ ಬಿಳಿ ಪಟ್ಟಿ ಸಿಗಲಿಲ್ಲವೆಂದು ಕೆಂಪು ಪಟ್ಟಿ ಕಟ್ಟಿದಳು ನೋಡಿ! ನಮ್ಮಲ್ಲಿ ಹೊಲಿದು ಮುಗಿದ ಗಂಟಿಗೆ ಕೆಂಪು ಪಟ್ಟಿ. ಮನೆಮನೆಗೆ ತಲುಪಿಸುವವರು ಚಿಕ್ಕಪ್ಪ. ಕೆಂಪು ಕಂಡರೆ ಎತ್ತಿಕೊಂಡು ಹೊರಡುವುದಷ್ಟೇ ಅವರಿಗೆ ಗೊತ್ತು. ಮೇಜಿನ ಮೇಲೆ ಮಾಲೀಕರ ಮನೆಯ ಪರದೆಗಳ ಗಂಟು, ಹಿತ್ತಲಲ್ಲಿ ಕೆಂಪು ಪಟ್ಟಿಯ ಸೋರೆಕಾಯಿ. ಎರಡೂ ಅವರಿಗೇ ಇರಬೇಕೆಂದುಕೊಂಡು ಕಿತ್ತು ಕೊಟ್ಟು ಬಂದರು.

ಗೊತ್ತಾದ ಕೂಡಲೇ ಚಿಕ್ಕಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿದಳು. ಮಾಲೀಕರ ತಾಯಿ, ಆ ಅಜ್ಜಿ, ಆಗಲೇ ಕಾಯನ್ನು ಎರಡು ಹೋಳು ಮಾಡಿದ್ದರು. ಒಳಗೆ ಬೀಜ ಎಳೆಯದು, ಉಗುರು ಒತ್ತಿದರೆ ನೀರು. “ಅಯ್ಯೋ, ಬೀಜಕ್ಕೆ ಬಿಟ್ಟಿದ್ದಾ? ನನ್ನ ಕೈಗೇ ಬರಬೇಕಿತ್ತಾ ಇದು!” ಎಂದು ಅಜ್ಜಿ ಚಾಕು ಕೆಳಗಿಟ್ಟರು.

“ರೀ, ನಿಮಗೆ ಬುದ್ಧಿ ಅನ್ನೋದು ಇದೆಯಾ? ಸೋರೆಕಾಯಿನ ಯಾರಾದರೂ ಹೊಲಿಯೋಕೆ ಕೊಡ್ತಾರಾ?” ಎಂದು ಮನೆಗೆ ಬಂದವಳೇ ಚಿಕ್ಕಪ್ಪನ ಮೇಲೆ ಹರಿಹಾಯ್ದಳು. ಆಮೇಲೆ ಮಷೀನಿನ ಮೇಲೆ ತಲೆಯಿಟ್ಟು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಳ್ಳಿಯ ತುದಿಯಲ್ಲಿ, ಗೋಡೆಯ ನೆತ್ತಿಯ ಮೇಲೆ ಒಂದು ಹೀಚು ಉಳಿದಿತ್ತು. ಅದೇ ಕೊನೆಯದು. ಅದು ಕೈಯಗಲ ಆಗುವಷ್ಟರಲ್ಲಿ ಮಾಲೀಕರು ಬಂದರು.

“ಗೋಡೆಗೆ ಬಣ್ಣ ಹೊಡಿಸ್ತಿದ್ದೀನಿ. ಬಳ್ಳಿ ಕಿತ್ತು ಹಾಕಮ್ಮ.”

“ಕಾಯಿ ಒಣಗಲಿ, ನಾನೇ ಕೀಳ್ತೀನಿ.”

“ಒಂದು ಸೋರೆಕಾಯಿಗೋಸ್ಕರ ನಾನು ಕಾಯಬೇಕಾ? ಗೋಡೆ ನಂದು.”

“ಗೋಡೆ ನಿಮ್ಮದು, ಯಾರು ಇಲ್ಲ ಅಂದ್ರು? ಕಾಯಿ ನಂದು. ಮುಟ್ಟಿ ನೋಡಿ.”

“ಹಾಗಾದ್ರೆ ಕರಾರು ಮುಗಿದ ಕೂಡಲೇ ಅಂಗಡಿ ಖಾಲಿ ಮಾಡು.”

“ಮಾಡ್ತೀನಿ! ಅಲ್ಲೀವರೆಗೂ ಇದು ಇಲ್ಲೇ ಇರುತ್ತೆ.”

ಚಿಕ್ಕಪ್ಪ, “ಬಿಡೇ, ಬೇರೆ ಬೀಜ ತಂದುಕೊಡ್ತೀನಿ” ಎಂದು ಗೋಗರೆದರು. ಅವಳು ಕೇಳಿಸಿಕೊಂಡರೆ ತಾನೆ? ಮರುದಿನ ಹೊಲಿಗೆ ಮಷೀನನ್ನು ಹಿತ್ತಲಿಗೆ ಎಳೆಸಿ ಬಳ್ಳಿಯ ಕೆಳಗೆ ಕೂತಳು. ಬಣ್ಣದವನು ಏಣಿ ಹೊತ್ತು ಬಂದರೆ ಕತ್ತರಿ ತೋರಿಸಿ, “ಅದೊಂದು ಜಾಗ ಬಿಟ್ಟು ಎಲ್ಲಿ ಬೇಕಾದರೂ ಹೊಡಿ” ಎಂದಳು. ಅವನು ನಕ್ಕು, ಬಳ್ಳಿಯ ಸುತ್ತ ಹೊಡೆದು ಹೋದ. ಬಿಸಿಲಿಗೆ ಅವಳ ಮುಖ ಕಪ್ಪಿಟ್ಟಿತು. ಅಳತೆ ಕೊಡಲು ಬಂದವರೆಲ್ಲ ಹಿತ್ತಲಿಗೇ ಬರಬೇಕಾಯಿತು. ಬಂದವರು ತಲೆಯೆತ್ತಿ, “ಒಣಗ್ತಾ?” ಎಂದು ಕೇಳದೆ ಹೋಗುತ್ತಿರಲಿಲ್ಲ.

ಒಣಗಿತು. ಮಾಲೀಕರೂ ಮಾತು ತಪ್ಪಲಿಲ್ಲ, ಅಂಗಡಿ ಬಿಡಿಸಿದರು. ಹೊಸ ಅಂಗಡಿ ಸಿಕ್ಕಿದ್ದು ಎರಡನೇ ಮಹಡಿಯಲ್ಲಿ. ಹಿಡಿ ಮಣ್ಣು ಕೂಡ ಇಲ್ಲ. ಸಾಮಾನು ಕಟ್ಟುವ ದಿನ ಚಿಕ್ಕಮ್ಮ ಕಾಯಿ ಒಡೆದು, ಜೊಳ್ಳು ಆರಿಸಿ ಎಸೆದು, ಗಟ್ಟಿ ಬೀಜಗಳನ್ನು ಮಡಿಲಲ್ಲಿ ಹಾಕಿಕೊಂಡಳು. ಆಮೇಲೆ ಎದ್ದು ಬೀದಿಗಿಳಿದಳು. ಯಾರಿಗೂ ಒಂದು ಬೀಜ ಬಿಚ್ಚದವಳು ಮನೆಮನೆ ಬಾಗಿಲು ತಟ್ಟಿದಳು!

“ತಗೊಳ್ಳಿ. ಚೆನ್ನಾಗಿರೋ ಕಾಯಿ ಒಂದು ಬೀಜಕ್ಕೆ ಬಿಡಬೇಕು. ಬಿಡದವರ ಬಟ್ಟೆ ನಾನು ಹೊಲಿಯಲ್ಲ.”

ಮಾಲೀಕರ ಮನೆಗೂ ಹೋಗಿ ಅಜ್ಜಿಯ ಅಂಗೈಗೆ ಹಾಕಿದಳು. ನನಗೆ ಸಿಟ್ಟು ಬಂತು. “ಅವರಿಗೂ ಯಾಕೆ?” ಎಂದೆ.

“ಬೀಜ ನನ್ನೊಬ್ಬಳ ಹತ್ತಿರ ಇದ್ದಾಗ ಮುಗಿಸೋಕೆ ಒಬ್ಬ ಗೋಡೆಯವನು ಸಾಕಿತ್ತು. ಈಗ ಮುಗಿಸಲಿ ನೋಡೋಣ” ಎಂದಳು.

ಮುಂದಿನ ಬೆಳೆಯ ಕಾಲಕ್ಕೆ ನನ್ನನ್ನೂ ಎಳೆದುಕೊಂಡು ತಪಾಸಣೆಗೆ ಹೊರಟಳು. ಒಬ್ಬಾಕೆ ಎಲ್ಲ ಕಾಯಿ ಕಿತ್ತು ತಿಂದಿದ್ದಳು. “ನಿನ್ನ ಬಟ್ಟೆ ಬೇರೆ ಕಡೆ ಹೊಲಿಸ್ಕೋ” ಎಂದು ಹೇಳಿಯೇ ಚಿಕ್ಕಮ್ಮ ಮುಂದೆ ಹೋದಳು. ಮಾಲೀಕರ ಮನೆಯ ಮುಂದೆ ಇಬ್ಬರೂ ನಿಂತುಬಿಟ್ಟೆವು. ಬಣ್ಣ ಹೊಡೆದ ಮುಂಬದಿಯ ಗೋಡೆಯ ತುಂಬ ಬಳ್ಳಿ, ನಡುವೆ ಬಲಿತ ಕಾಯಿ ತೂಗುತ್ತಿತ್ತು. ಬಾಗಿಲಲ್ಲಿದ್ದ ಮಾಲೀಕರು, “ನಾನು ಮುಟ್ಟಿಲ್ಲಮ್ಮ” ಎಂದರು.

ಒಳಗಿನಿಂದ ಅಜ್ಜಿಯ ದನಿ ಬಂತು: “ಯಾರೋ ಅದು, ಬೀಜ ಕೇಳೋಕೆ ಬಂದಿದ್ದಾರಾ? ಇನ್ನೂ ಒಣಗಿಲ್ಲ, ಯಾರಿಗೂ ಕೊಡಲ್ಲ ಅಂತ ಹೇಳು!”

ಚಿಕ್ಕಮ್ಮನ ಕಣ್ಣು ತುಂಬಿತು. “ಹಾಗೇ ಇರಿ ಅಜ್ಜಿ! ನಾನು ಕೇಳಿದರೂ ಕೊಡಬೇಡಿ!” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು.